ಗೋಡೆಕಾಗದದ ಅಂಚು

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಶ್ರೀಮಂತಗೃಹಗಳ ಗೋಡೆಗಳನ್ನು ಆವರಿಸಿದ ಚಿತ್ರಕಾಗದಕ್ಕೆ ಅಂಚುಪಟ್ಟಿಯು ಒದಗಿಬಂದುದು ಕಾಗದದ ಒರಟು ಕೊನೆಯನ್ನೂ ಅದನ್ನು ಹಿಡಿದಿಟ್ಟ ಮೊಳೆಗಳನ್ನೂ ಮರೆಸುವ ಅಲ್ಪಪ್ರಯೋಜನಕ್ಕಾಗಿ. ಆದರೆ ಪ್ಯಾರಿಸಿನ ರೆವೆಯೋನನ ಕಾರ್ಖಾನೆಯಲ್ಲಿಯೂ, ತರುವಾಯ 1797ರಲ್ಲಿ ಅಲ್ಸೇಸಿನ ರಿಕ್ಸೈಮಿನಲ್ಲಿ ನೆಲೆಗೊಂಡು ಇಂದಿಗೂ ಅಚ್ಚೊತ್ತುತ್ತಿರುವ ಜುಬೇರ್ ಕಾರ್ಖಾನೆಯಲ್ಲಿಯೂ ಅದು ಹೂಮಾಲೆಯ, ನೆರಿಗೆಗೂಡಿದ ರೇಷ್ಮೆಯ, ಶಿಲೆಯ ಕೆತ್ತನೆಯ ಭ್ರಾಂತಿಯನ್ನು ಹುಟ್ಟಿಸಬಲ್ಲ ಸ್ವತಂತ್ರ ಕಲೆಯಾಗಿ ಬೆಳೆಯಿತು.

ಈ ಪಟ್ಟಿಗಳನ್ನು ಪ್ರಾಚೀನ ಭವನಗಳ ಜೀರ್ಣೋದ್ಧಾರಕ್ಕೆಂದು ಪುನಃ ಮುದ್ರಿಸುವವರ ಕೃತಿಗಳನ್ನು ನೋಡುವಾಗ, ರೇಖೆಯ ನಿಷ್ಠೆಗೆ ದೊರೆತಿರುವಷ್ಟು ಗೌರವವು ದ್ರವ್ಯದ ನಿಷ್ಠೆಗೆ ದೊರೆತಿಲ್ಲವೆಂಬುದು ನನ್ನ ಮುಖ್ಯ ಆಕ್ಷೇಪ. ಒಂದೊಂದು ಬಣ್ಣಕ್ಕೆ ಒಂದೊಂದು ಮರದ ಅಚ್ಚನ್ನು ಕೆತ್ತಿ, ಸೀಮೆಸುಣ್ಣದ ಪುಡಿಯನ್ನೂ ವರ್ಣವನ್ನೂ ಚರ್ಮದಿಂದ ಕಾಸಿದ ಅಂಟಿನಲ್ಲಿ ಕಲಸಿದ ಗಟ್ಟಿಬಣ್ಣವನ್ನು ಒಂದರ ಮೇಲೊಂದಾಗಿ ಒತ್ತಿದಾಗ, ಪ್ರತಿಯೊಂದು ದಳವೂ ಎಲೆಯೂ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದು, ಹೊಳಪಿಲ್ಲದೆ, ಬೆಳಕನ್ನು ಹೀರಿಕೊಂಡು ಮೃದುವಾಗಿ ನಿಲ್ಲುತ್ತದೆ. ಎರಡು ಬಣ್ಣಗಳು ಕೂಡುವೆಡೆ ಅಚ್ಚು ಕಿಂಚಿತ್ತು ಸರಿದ ಗುರುತು ಉಳಿಯುತ್ತದೆ. ಛಾಯಾಚಿತ್ರದಿಂದ ತೆಗೆದು ಯಂತ್ರದಿಂದ ಎರೆದ ಪ್ರತಿಯಲ್ಲಿ ಆ ಸರಿದ ಗುರುತೂ ಯಥಾವತ್ತಾಗಿ ಕಾಣುವುದೇನೋ ನಿಜ. ಆದರೆ ಕೈಯಿಲ್ಲದೆ ಉಂಟಾದ ಕೈತಪ್ಪಿಗೆ ಜೀವವೆಲ್ಲಿಯದು? ಆ ಮಟ್ಟಿಗೆ, ರೇಷ್ಮೆತೆರೆಯ ಮುದ್ರಣದಿಂದ ವಿಕ್ಟೋರಿಯನ್ ಕಾಲದ ಪಟ್ಟಿಗಳನ್ನು ಪುನರುಜ್ಜೀವಿಸಿದ ಕ್ಯಾಲಿಫೋರ್ನಿಯಾದ ಬ್ರಾಡ್‌ಬರಿ ಅಂಡ್ ಬ್ರಾಡ್‌ಬರಿಯವರ ಮಧ್ಯಮಮಾರ್ಗವು ಬಣ್ಣಕ್ಕೆ ಮೈಯನ್ನಾದರೂ ಉಳಿಸಿತು.

ಇದಕ್ಕಿಂತ ಗುರುತರವಾದ ದೋಷವು ವರ್ಣದಲ್ಲಿದೆ. ಶತಮಾನಗಳ ಬಿಸಿಲಿಗೂ ಹೊಗೆಗೂ ಮಾಸಿಹೋದ ತುಣುಕನ್ನೇ ಪ್ರಮಾಣವೆಂದು ಹಿಡಿದು, ಕಂದು ಬೆರೆತ ಸೌಮ್ಯತೆಯನ್ನು ಪ್ರಾಚೀನತೆಯ ಲಕ್ಷಣವೆಂದು ಭಾವಿಸುವವರು, ಬಾಗಿಲ ಚೌಕಟ್ಟಿನ ಹಿಂದೆ ಬೆಳಕು ಕಾಣದೆ ಉಳಿದ ಅಂಗುಲದಷ್ಟು ಕಾಗದದಲ್ಲಿ ಉಜ್ಜ್ವಲವಾದ ನೀಲಿಯನ್ನೋ ಕಿತ್ತಳೆಯನ್ನೋ ಕಂಡಾಗ ಅದನ್ನು ನಂಬಲು ಹಿಂಜರಿಯುತ್ತಾರೆ. ಹೊಸ ಮನೆಗೆ ಹೊಸ ಕಾಗದವನ್ನು ತರಿಸಿದವರು ಮಾಸಿದ ಬಣ್ಣಕ್ಕೆ ಹಣ ತೆತ್ತವರಲ್ಲ. ಅವರು ಕಂಡ ಬಣ್ಣವನ್ನೇ ನಮಗೂ ಕಾಣಿಸತಕ್ಕದ್ದು. ಶೀಲೆಯ ಹಸುರಿನಂತಹ ಪಾಷಾಣಮಿಶ್ರಿತ ವರ್ಣಗಳಿಗೆ ಮಾತ್ರ ನಿರಪಾಯವಾದ ಬದಲಿಯನ್ನು ಬಳಸಲೇಬೇಕು. ಆ ವ್ಯತ್ಯಾಸವನ್ನು ದೋಷವೆನ್ನುವವರಾರೂ ಇರಲಾರರು.

ಇನ್ನು ಅಂಟಿಸುವವನ ವಿವೇಕ. ಶಿಲಾಲಂಕಾರವನ್ನು ಅನುಕರಿಸುವ ಪಟ್ಟಿಯಲ್ಲಿ ನೆರಳು ಒಂದು ನಿಶ್ಚಿತ ದಿಕ್ಕಿಗೆ ಬಿದ್ದಿರುತ್ತದೆ. ಕೋಣೆಯ ಕಿಟಕಿ ಎಲ್ಲಿದೆಯೆಂದು ನೋಡದೆ ಅದನ್ನು ಹಚ್ಚಿ, ಚಿತ್ರದ ನೆರಳು ನಿಜವಾದ ಬೆಳಕಿನ ಕಡೆಗೇ ಬೀಳುವಂತಾದರೆ, ಅಚ್ಚು ಕೆತ್ತಿದವನ ಶ್ರಮವೂ ಬಣ್ಣ ಕಲಸಿದವನ ಶ್ರಮವೂ ಆ ಗೋಡೆಯ ಮೇಲೆ ವ್ಯರ್ಥವಾದಂತೆಯೇ.