ಮಾಗಿದ ಪಾನೀಯದ ರುಚಿವರ್ಣನೆ: ಮಳೆಗಾಳಿಯ ಕಾಫಿಯ ಸಂಬಂಧವಾಗಿ ಒಂದು ವಿಮರ್ಶೆ

ಹಳೆಯ ದ್ರಾಕ್ಷಾಮದ್ಯದ ಗುಣವನ್ನು ಮಾತಿನಲ್ಲಿ ಹಿಡಿದಿಡುವ ಪ್ರಯತ್ನವು ಯೂರೋಪು ಖಂಡದಲ್ಲಿ ಒಂದು ಪ್ರತ್ಯೇಕ ವಿದ್ಯೆಯಾಗಿಯೇ ಬೆಳೆದಿದೆ. ಎಳೆಯ ಮದ್ಯದಲ್ಲಿರುವ ಹಣ್ಣಿನ ಕಂಪು ಕಾಲಕ್ರಮದಲ್ಲಿ ಅಡಗಿ, ಒಗರು ಮೆತ್ತಗಾಗಿ, ತೊಗಲು, ಹೊಗೆಸೊಪ್ಪು, ಅಣಬೆ, ಒದ್ದೆಯಾದ ತರಗೆಲೆ ಮೊದಲಾದವುಗಳ ವಾಸನೆಯು ತಲೆದೋರುತ್ತದೆಂದು ಬಲ್ಲವರು ಹೇಳುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟಸೀಮೆಯ ಬೆಳೆಯು ದ್ರಾಕ್ಷಿಯಲ್ಲ, ಕಾಫಿ. ಆದರೂ ಮಾಗುವುದರಿಂದಲೇ ಹೆಸರು ಪಡೆದ ಪಾನೀಯವೊಂದಕ್ಕೆ ಈ ಸೀಮೆಯೂ ಬೀಜವನ್ನು ಒದಗಿಸುತ್ತಿರುವುದರಿಂದ, ಅಂಥದನ್ನು ಎಂತಹ ಮಾತಿನಿಂದ ವರ್ಣಿಸಬೇಕೆಂಬ ಪ್ರಶ್ನೆಯು ಇಲ್ಲಿಯೂ ವಿಚಾರಾರ್ಹವಾಗಿದೆ.

ಆ ಪಾನೀಯವು 'ಮಾನ್‌ಸೂನ್ಡ್ ಮಲಬಾರ್' ಎಂಬ ಕಾಫಿ. ಹಾಯಿಹಡಗುಗಳ ಕಾಲದಲ್ಲಿ ಪಶ್ಚಿಮ ಕರಾವಳಿಯಿಂದ ಹೊರಟ ಕಾಫಿಯು ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಯೂರೋಪನ್ನು ಸೇರಲು ಹಲವು ತಿಂಗಳು ಹಿಡಿಯುತ್ತಿದ್ದಿತು. ಕಡಲ ತೇವಾಂಶದಿಂದ ಬೀಜವು ಉಬ್ಬಿ, ಹಸುರು ಬಣ್ಣವನ್ನು ಕಳೆದುಕೊಂಡು, ಹಳದಿಗೆ ತಿರುಗುತ್ತಿದ್ದಿತು. 1869ರಲ್ಲಿ ಸೂಯೆಜ್ ಕಾಲುವೆಯು ತೆರೆದು, ಹಬೆಯ ಹಡಗುಗಳೂ ಬಂದ ಮೇಲೆ ಪ್ರಯಾಣವು ಕಿರಿದಾಯಿತು. ಕೊಳ್ಳುವವರಿಗೆ ರೂಢಿಯಾಗಿದ್ದ ರುಚಿಯು ತಪ್ಪಿತು. ಆ ರುಚಿಯನ್ನೇ ಮತ್ತೆ ಪಡೆಯುವುದಕ್ಕಾಗಿ ಕರಾವಳಿಯಲ್ಲಿ, ಮುಖ್ಯವಾಗಿ ಮಂಗಳೂರಿನಲ್ಲಿ, ಒಂದು ಕ್ರಮವು ಏರ್ಪಟ್ಟಿತು. ಒಣಗಿಸಿ ಸಿಪ್ಪೆ ತೆಗೆದ ಬೀಜವನ್ನು ಜೂನ್ ತಿಂಗಳಿಂದ ಗಾಳಿಯಾಡುವ ಗೋದಾಮಿನ ನೆಲದ ಮೇಲೆ ತೆಳ್ಳಗೆ ಹರವಿ, ಆಗಾಗ ಕೆದಕಿ, ಬಳಿಕ ಸಡಿಲವಾಗಿ ಚೀಲಗಳಲ್ಲಿ ತುಂಬಿ, ಮಳೆಗಾಳಿಯು ಒಳಹೊಗುವಂತೆ ಇರಿಸುತ್ತಾರೆ. ಮೂರು ನಾಲ್ಕು ತಿಂಗಳಲ್ಲಿ ಬೀಜವು ಹೊಂಬಣ್ಣ ತಾಳುತ್ತದೆ. ಹುಳಿಯು ಬಹುಮಟ್ಟಿಗೆ ಇಳಿದು ಪಾನೀಯವು ಮೈದುಂಬುತ್ತದೆ. ಈ ಕಾಫಿಗೆ 2008ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಗಳ ಅರೇಬಿಕಕ್ಕೆ ದೊರೆತದ್ದು 2019ರಲ್ಲಿ.

ಇನ್ನು ವರ್ಣನೆಯ ವಿಷಯ. 1984ರಲ್ಲಿ ಕ್ಯಾಲಿಫೋರ್ನಿಯದ ಆನ್ ನೋಬಲ್ ಎಂಬ ವಿದುಷಿಯು ದ್ರಾಕ್ಷಾಮದ್ಯದ ಕಂಪುಗಳನ್ನು ಒಂದು ಚಕ್ರದಲ್ಲಿ ವರ್ಗೀಕರಿಸಿದಳು. 'ಉದಾತ್ತ', 'ಗಂಭೀರ' ಮುಂತಾದ ಹೊಗಳಿಕೆಯ ಮಾತುಗಳನ್ನು ಬಿಟ್ಟು, ಮೂಗಿಗೆ ಗುರುತು ಸಿಕ್ಕುವ ವಸ್ತುಗಳ ಹೆಸರನ್ನೇ ಹೇಳಬೇಕೆಂಬುದು ಅದರ ತತ್ತ್ವ. ಕಾಫಿಗೂ 1995ರಲ್ಲಿ ಇಂತಹ ಚಕ್ರವೊಂದು ಹುಟ್ಟಿ, 2016ರಲ್ಲಿ ಪರಿಷ್ಕೃತವಾಯಿತು. ಪರಿಷ್ಕರಣಕ್ಕೆ ಆಧಾರವಾದ ಪದಕೋಶವು ಒಂದೊಂದು ಪದಕ್ಕೂ ಒಂದೊಂದು ಮಾದರಿ ವಸ್ತುವನ್ನು ನಿಯಮಿಸಿದೆ. ಈ ಕ್ರಮವು ಸ್ತುತ್ಯವಾದುದು. ಮಾದರಿಯಿಲ್ಲದ ಪದವು ಇಬ್ಬರ ಬಾಯಲ್ಲಿ ಎರಡು ಅರ್ಥವಾಗುತ್ತದೆ. ಆದರೆ ಆ ಮಾದರಿಗಳಲ್ಲಿ ಅನೇಕವು ಅಮೆರಿಕದ ಅಂಗಡಿಗಳಲ್ಲಿ ದೊರೆಯುವ ಪದಾರ್ಥಗಳು. ಬ್ಲೂಬೆರಿಯನ್ನು ಕಾಣದ ಕಳಸದ ಬೆಳೆಗಾರನಿಗೆ ತನ್ನ ಕಾಫಿಯಲ್ಲಿ ಅದರ ಕಂಪಿದೆಯೆಂದರೆ, ಅದು ಕೊಳ್ಳುವವನಿಗೆ ತಿಳಿವಳಿಕೆಯೇ ಹೊರತು ಬೆಳೆದವನಿಗಲ್ಲ. ಆ ಸೀಮೆಯಲ್ಲಿ ಕಿತ್ತಳೆಯ ಹುಳಿ, ಮುರುಗಲಿನ ಹುಳಿ, ಹುಣಸೆಯ ಹುಳಿ, ಮಜ್ಜಿಗೆಯ ಹುಳಿ ಎಂಬ ಭೇದಗಳು ಮಕ್ಕಳಿಗೂ ಗೊತ್ತು. ಜೋನಿಬೆಲ್ಲ, ಏಲಕ್ಕಿ, ಮೆಣಸುಗಳು ತೋಟದ ಸೆರಗಿನಲ್ಲಿಯೇ ಇವೆ.

ಮಾಗಿದ ಕಾಫಿಯ ವಿಷಯದಲ್ಲಿ ಇನ್ನೂ ದೊಡ್ಡ ತೊಡಕುಂಟು. 2016ರ ಚಕ್ರದಲ್ಲಿ ಹಳಸು, ಕಾಗದ, ಮರ, ಮುಗ್ಗಲು, ತೇವ, ಮಣ್ಣು ಇವುಗಳ ವಾಸನೆಗಳೆಲ್ಲವೂ ಒಂದೇ ಗುಂಪಿಗೆ ಸೇರಿವೆ. ಹೊಸ ಬೀಜದಲ್ಲಿ ಇವು ಸಾಮಾನ್ಯವಾಗಿ ದೋಷಗಳು; ಕಣದಲ್ಲಿ ಸರಿಯಾಗಿ ಒಣಗದ ಪಾರ್ಚ್‌ಮೆಂಟ್ ಕಾಫಿಗೆ ಮುಗ್ಗಲು ಹತ್ತಿದರೆ ಅದರ ಬೆಲೆಯು ಕುಸಿಯುತ್ತದೆ. ಮಳೆಗಾಳಿಯ ಕಾಫಿಯಲ್ಲಿಯಾದರೋ ಮಣ್ಣಿನ ಮತ್ತು ಮರದ ಛಾಯೆಗಳೇ ಗುಣವೆನಿಸಿ ಬೆಲೆ ಪಡೆಯುತ್ತವೆ. ಒಂದೇ ಗುಂಪಿನ ಮಾತುಗಳು ಒಂದೆಡೆ ದಂಡನೆಗೂ ಇನ್ನೊಂದೆಡೆ ಬಹುಮಾನಕ್ಕೂ ಕಾರಣವಾಗುವಾಗ, ನಷ್ಟವು ಆ ಮಾತುಗಳನ್ನು ಅರಿಯದವನ ಪಾಲಿಗೆ ಬರುತ್ತದೆ. 1996ರವರೆಗೆ ಕಾಫಿ ಮಂಡಳಿಯ ಸಾಮೂಹಿಕ ಮಾರಾಟದ ಏರ್ಪಾಡಿನಲ್ಲಿ ಒಬ್ಬೊಬ್ಬನ ಬೀಜವೂ ಎಲ್ಲರ ರಾಶಿಯಲ್ಲಿ ಬೆರೆಯುತ್ತಿದ್ದುದರಿಂದ ಈ ಅರಿವು ಅಷ್ಟಾಗಿ ಬೇಕಿರಲಿಲ್ಲ. ಈಗ ಬೆಳೆಗಾರನೇ ಮಾರುವವನು.

ಈ ಸ್ಥಳದಲ್ಲಿ ಕನ್ನಡವು ಬಡಭಾಷೆಯಲ್ಲ. ಕಾಲವು ಪದಾರ್ಥದ ಮೇಲೆ ಮಾಡುವ ಕೆಲಸಕ್ಕೆ ಅದರಲ್ಲಿ ಬೇರೆ ಬೇರೆ ಕ್ರಿಯಾಪದಗಳೇ ಇವೆ: ಬಲಿಯುವುದು, ಕಳಿಯುವುದು, ಮಾಗುವುದು, ಹಳಸುವುದು, ಮುಗ್ಗುವುದು. ಹಳೆಯ ಅಕ್ಕಿಯು ಶ್ರೇಷ್ಠ, ಹಳಸಿದ ಅನ್ನವು ತ್ಯಾಜ್ಯ. ಎರಡಕ್ಕೂ ಮೂಲವು ಹಳತನವೇ ಆದರೂ ನುಡಿಯು ಅವನ್ನು ಬೆರೆಸುವುದಿಲ್ಲ. ಚರಕಸಂಹಿತೆಯು ಹೊಸ ಮದ್ಯವನ್ನು ಗುರುವೆಂದೂ ದೋಷಕಾರಿಯೆಂದೂ, ಹಳೆಯದನ್ನು ಲಘುವೆಂದೂ ದೀಪನವೆಂದೂ ವಿಂಗಡಿಸುವುದು ಸಹ ಇದೇ ಜಾಡಿನ ವಿವೇಚನೆ. ಅಲ್ಲಿ ಅಳತೆಗೋಲು ಕಂಪಲ್ಲ, ದೇಹದ ಮೇಲಣ ಪರಿಣಾಮ. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರವೂ, ಮೂರನೆಯ ಮಂಗರಸನ ಸೂಪಶಾಸ್ತ್ರವೂ ಅಡುಗೆಯನ್ನು ಶಾಸ್ತ್ರವಿಷಯವಾಗಿ ನಿರೂಪಿಸಬಲ್ಲ ಕನ್ನಡದ ಶಕ್ತಿಗೆ ಸಾಕ್ಷಿಗಳಾಗಿವೆ.

ಆದರೆ ಪದಸಂಪತ್ತಿನ ಅಭಿಮಾನದಿಂದಲೇ ಶಾಸ್ತ್ರವು ಸಿದ್ಧಿಸುವುದಿಲ್ಲ. 'ಮಾಗಿದ', 'ಮುಗ್ಗಿದ' ಎಂಬ ಮಾತುಗಳು ತೀರ್ಪನ್ನು ಹೇಳುತ್ತವೆ. ಆ ತೀರ್ಪಿಗೆ ಆಧಾರವಾದ ವಾಸನೆ ಯಾವುದೆಂಬುದನ್ನು ಹೇಳುವುದಿಲ್ಲ. ಕಣ್ಣು ನಾಲಗೆಯನ್ನು ಮೋಸಗೊಳಿಸುವುದೂ ಉಂಟು. 2001ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬೊರ್ಡೋ ನಗರದ 54 ಮಂದಿ ಮದ್ಯಶಾಸ್ತ್ರದ ವಿದ್ಯಾರ್ಥಿಗಳು, ಕೆಂಪು ಬಣ್ಣ ಬೆರೆಸಿದ ಬಿಳಿಯ ಮದ್ಯವನ್ನು ಕೆಂಪು ಮದ್ಯದ ಮಾತುಗಳಿಂದಲೇ ವರ್ಣಿಸಿದರು. ಹೊಂಬಣ್ಣದ ಉಬ್ಬಿದ ಬೀಜವನ್ನು ಮೊದಲೇ ಕಂಡ ಪರೀಕ್ಷಕನೂ ಅದೇ ಬಲೆಗೆ ಬೀಳಬಹುದು. ಆದಕಾರಣ ಹುರಿದು ಪುಡಿಮಾಡಿದ ಮೇಲೆ, ಗುರುತು ಮರೆಸಿದ ಬಟ್ಟಲುಗಳಲ್ಲಿ, ಮಾಗಿದ್ದನ್ನೂ ಮುಗ್ಗಿದ್ದನ್ನೂ ಹೊಸತನ್ನೂ ಒಟ್ಟಿಗೆ ಇಟ್ಟು ಸವಿಯತಕ್ಕದ್ದು.

1925ರಲ್ಲಿ ಮೈಸೂರು ಸರಕಾರವು ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದಾಗ, ಗಿಡದ ರೋಗವನ್ನು ಕಾಣುವ ಕಣ್ಣು ನಾಡಿನಲ್ಲಿಯೇ ತೆರೆಯಿತು. ರುಚಿಯನ್ನು ನುಡಿಯುವ ನಾಲಗೆಗೂ ಅಂತಹ ಶಿಕ್ಷಣವು ಬೇಕು. ನೋಬಲಳ ತತ್ತ್ವವನ್ನು ಸ್ವೀಕರಿಸಿ, ಮಾದರಿಗಳನ್ನು ಮಲೆನಾಡಿನ ಅಡುಗೆಮನೆ ತೋಟಗಳಿಂದ ಆರಿಸಿ, ಅವುಗಳಿಗೆ ಹೊರನಾಡಿನ ಪದಗಳೊಡನೆ ಸರಿಜೋಡಿ ಕಟ್ಟಿದರೆ, ಬೆಳೆಗಾರನು ತನ್ನ ಬೀಜದ ಗುಣದೋಷಗಳನ್ನು ಕೊಳ್ಳುವವನಿಗಿಂತ ಮುಂಚೆಯೇ ಬಲ್ಲವನಾಗುವನು. ವರ್ಣನೆಯ ಪ್ರಯೋಜನವೂ ಅಲ್ಲಿಯೇ ಇದೆ.