ಬೆಳೆಯದ ಅಣ್ಣತಮ್ಮಂದಿರು

ಫ್ರಾಂಕ್ ಮತ್ತು ಜೋ ಹಾರ್ಡಿ ಎಂಬ ಅಣ್ಣತಮ್ಮಂದಿರು ಹೆಚ್ಚುಕಮ್ಮಿ ನೂರು ವರ್ಷಗಳಿಂದ ಕಳ್ಳರನ್ನು ಹಿಡಿಯುತ್ತಿದ್ದಾರೆ. 1927ರಲ್ಲಿ ಅವರ ಸರಣಿಯ ಮೊದಲ ಪುಸ್ತಕ ‘ದಿ ಟವರ್ ಟ್ರೆಷರ್’ ಪ್ರಕಟವಾದಾಗ ಅಣ್ಣನಿಗೆ 16, ತಮ್ಮನಿಗೆ 15. 1959ರಲ್ಲಿ ಶುರುವಾದ ಪರಿಷ್ಕೃತ ಆವೃತ್ತಿಗಳಲ್ಲಿ ಅವರಿಗೆ 18 ಮತ್ತು 17. ಮೂರು ದಶಕದಲ್ಲಿ ಎರಡು ವರ್ಷ ದೊಡ್ಡವರಾಗಿ ಅಲ್ಲಿಗೇ ನಿಂತುಬಿಟ್ಟರು. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎನ್ನುತ್ತದೆ ನಮ್ಮ ಗಾದೆ. ಹಾರ್ಡಿ ಹುಡುಗರು ದಾಯಾದಿಗಳಾಗಲೇ ಇಲ್ಲ. ಬೆಳೆದಿದ್ದರೆ ತಾನೇ ಆಗುವುದು?

ಅಮೆರಿಕದ ಹದಿಹರೆಯದವರ ಪತ್ತೇದಾರಿ ಕಥೆಗಳಿಗೆ ಅಚ್ಚು ಹಾಕಿಕೊಟ್ಟ ಈ ಸರಣಿಯ ಶಕ್ತಿ, ದೌರ್ಬಲ್ಯ ಎರಡೂ ಇಲ್ಲೇ ಇವೆ. ಫ್ರಾಂಕ್‌ನದು ಕಪ್ಪು ಕೂದಲು, ಯೋಚಿಸಿ ಹೆಜ್ಜೆ ಇಡುವ ಸ್ವಭಾವ. ಜೋನದು ಹೊಂಬಣ್ಣದ ಕೂದಲು, ಮುನ್ನುಗ್ಗುವ ಚಾಳಿ. ಅವರ ನಡುವಿನ ವ್ಯತ್ಯಾಸ ಹೆಚ್ಚುಕಮ್ಮಿ ಇಷ್ಟೇ. ಒಬ್ಬನ ಮಾತನ್ನು ಕಿತ್ತು ಇನ್ನೊಬ್ಬನ ಬಾಯಿಗೆ ಹಾಕಿದರೂ ಬಹುತೇಕ ಕಡೆ ಓದುಗನಿಗೆ ತಿಳಿಯುವುದಿಲ್ಲ. ಪತ್ತೇದಾರನೊಬ್ಬನೇ ಇದ್ದರೆ ಅವನ ತಲೆಯೊಳಗೆ ಏನು ಓಡುತ್ತಿದೆ ಎಂದು ಲೇಖಕ ವಿವರಿಸುತ್ತಾ ಕೂರಬೇಕು. ಇಬ್ಬರಿದ್ದರೆ ಅದೆಲ್ಲ ಸಂಭಾಷಣೆಯಲ್ಲೇ ಸಾಗಿಹೋಗುತ್ತದೆ. ಒಬ್ಬ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದರೆ ಬಿಡಿಸಲು ಇನ್ನೊಬ್ಬ ಹೊರಗಿರುತ್ತಾನೆ. ಹೀಗೆ ಇಲ್ಲಿ ಸೋದರತ್ವ ಸಂಬಂಧವಾಗಿ ಬರುವುದಕ್ಕಿಂತ ಕಥೆ ಹೇಳುವ ಅನುಕೂಲವಾಗಿಯೇ ಬರುತ್ತದೆ. ಒಂದೇ ಮನೆಯಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರು ಗಂಡುಮಕ್ಕಳು ಮುನಿಸಿಕೊಳ್ಳದೆ, ಹೋಲಿಕೆಯ ಕಿರಿಕಿರಿ ಇಲ್ಲದೆ ಬದುಕುವುದೇ ಈ ಪುಸ್ತಕಗಳ ಅತಿ ದೊಡ್ಡ ಕಟ್ಟುಕಥೆ.

ಹಾಗಾದರೆ ಭಾವನೆಯ ಭಾರವೆಲ್ಲ ಎಲ್ಲಿದೆ? ಅಪ್ಪನ ಕಡೆ. ಫೆಂಟನ್ ಹಾರ್ಡಿ ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಹೆಸರು ಮಾಡಿ, ಬೇಪೋರ್ಟ್ ಎಂಬ ಕಲ್ಪಿತ ಬಂದರು ಪಟ್ಟಣದಲ್ಲಿ ನೆಲೆಸಿರುವ ಖಾಸಗಿ ಪತ್ತೇದಾರ. ಅಪ್ಪ ಒಂದು ಪ್ರಕರಣದ ಬೆನ್ನು ಹತ್ತಿರುತ್ತಾನೆ, ಮಕ್ಕಳು ಇನ್ನೊಂದರ ಹಿಂದೆ ಹೊರಡುತ್ತಾರೆ, ಕೊನೆಗೆ ಎರಡೂ ಒಂದೇ ಎಂದು ಗೊತ್ತಾಗುತ್ತದೆ. ಈ ಹೆಣಿಗೆ ಎಷ್ಟು ಸಲ ಬಂದರೂ ಹುಡುಗ ಓದುಗರಿಗೆ ಸಾಕೆನಿಸದಿದ್ದುದಕ್ಕೆ ಕಾರಣ ಸುಲಭ: ಅಪ್ಪನ ಕೆಲಸದಲ್ಲಿ ಅಪ್ಪನಿಗೇ ಆಸರೆಯಾಗುವುದಕ್ಕಿಂತ ದೊಡ್ಡ ಕನಸು ಆ ವಯಸ್ಸಿಗೆ ಇನ್ನೇನಿದೆ? ‘ದಿ ಹೌಸ್ ಆನ್ ದಿ ಕ್ಲಿಫ್’ನಲ್ಲಿ ಕಳ್ಳಸಾಗಣೆದಾರರ ಸೆರೆಯಲ್ಲಿರುವ ಅಪ್ಪನನ್ನು ಮಕ್ಕಳೇ ಬಿಡಿಸುತ್ತಾರೆ. ತಾಯಿ ಲಾರಾಳ ಪಾಲಿಗೆ ಉಳಿದದ್ದು ಆತಂಕ ಮತ್ತು ಅಡುಗೆಮನೆ.

ಇದನ್ನೆಲ್ಲ ಬರೆದವರು ಯಾರು? ಮುಖಪುಟದ ಮೇಲಿರುವ ಫ್ರಾಂಕ್ಲಿನ್ ಡಬ್ಲ್ಯು. ಡಿಕ್ಸನ್ ಎಂಬಾತ ಹುಟ್ಟಿಯೇ ಇರಲಿಲ್ಲ. ಎಡ್ವರ್ಡ್ ಸ್ಟ್ರಾಟೆಮೇಯರ್ ಎಂಬ ಚತುರ ವ್ಯಾಪಾರಿ-ಲೇಖಕ ಕಥೆಯ ಹಂದರ ಕೊಡುತ್ತಿದ್ದ. ಕೂಲಿಗೆ ಬರೆಯುವವರು ಅದನ್ನು ಪುಸ್ತಕ ಮಾಡುತ್ತಿದ್ದರು. ಹಕ್ಕುಗಳೆಲ್ಲ ಅವನ ಸಿಂಡಿಕೇಟಿನವು. ನಮ್ಮ ಎನ್. ನರಸಿಂಹಯ್ಯ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರೂ ಓದುಗರು ಕೊಳ್ಳುತ್ತಿದ್ದುದು ಅವರ ಹೆಸರು ನೋಡಿ. ಇಲ್ಲಿ ಹೆಸರೂ ಕಾರ್ಖಾನೆಯ ಸರಕು. ಆರಂಭದ ಹಾರ್ಡಿ ಪುಸ್ತಕಗಳಲ್ಲಿ ಬಹುಪಾಲು ಬರೆದ ಕೆನಡಾದ ಪತ್ರಕರ್ತ ಲೆಸ್ಲಿ ಮೆಕ್‌ಫರ್ಲೇನ್‌ಗೆ ಮೊದಮೊದಲು ಸಿಕ್ಕಿದ್ದು ಪುಸ್ತಕಕ್ಕೆ 125 ಡಾಲರ್. ರಾಯಲ್ಟಿಯ ಮಾತೇ ಇಲ್ಲ. ಆರ್ಥಿಕ ಮಹಾಕುಸಿತದ ವರ್ಷಗಳಲ್ಲಿ ಆ ಸಂಭಾವನೆಯೂ ಇಳಿಯಿತು. ಸಾಲಗಾರರ ಕಾಟಕ್ಕೆ ಬರೆದ ಈ ಪುಸ್ತಕಗಳ ಬಗ್ಗೆ ಆತನಿಗೆ ಅಂಥ ಅಭಿಮಾನವೇನೂ ಇರಲಿಲ್ಲ. 1976ರಲ್ಲಿ ‘ಘೋಸ್ಟ್ ಆಫ್ ದಿ ಹಾರ್ಡಿ ಬಾಯ್ಸ್’ ಎಂಬ ಆತ್ಮಕಥೆಯಲ್ಲಿ ಅದನ್ನೆಲ್ಲ ನಗುನಗುತ್ತಲೇ ಹೇಳಿಕೊಂಡ.

ಆ ನಗು ಪುಸ್ತಕಗಳೊಳಗೂ ನುಸುಳಿತ್ತು. ಹಂದರ ಯಜಮಾನನದ್ದಾದರೂ ತುಂಬುವ ಮಾತು ತನ್ನದಲ್ಲವೇ? ಊಟದ ಗೀಳಿನ ಗೆಳೆಯ ಚೆಟ್ ಮಾರ್ಟನ್, ಬಾಯಿ ತೆರೆದರೆ ಗದರುವ ಸೋದರತ್ತೆ ಗರ್ಟ್ರೂಡ್, ತಮ್ಮನ್ನು ತಾವೇ ಮಹಾ ಬುದ್ಧಿವಂತರೆಂದುಕೊಂಡ ಪೊಲೀಸ್ ಮುಖ್ಯಸ್ಥ ಕೊಲಿಗ್ ಮತ್ತು ಪತ್ತೇದಾರ ಸ್ಮಫ್: ಇವರೆಲ್ಲ ಹಾರ್ಡಿ ಸೋದರರಿಗಿಂತ ಜೀವಂತವಾಗಿದ್ದಾರೆ. ‘ಟವರ್ ಟ್ರೆಷರ್’ನ ಒಂದು ಪ್ರಸಂಗ ನೋಡಿ. ಆಸ್ಪತ್ರೆಯಲ್ಲಿ ಸಾಯುತ್ತಿರುವ ಕಳ್ಳ ಜ್ಯಾಕ್ಲಿ ಬಾಯಿಬಿಡಬೇಕಾದರೆ ಪೊಲೀಸರು ಅಲ್ಲಿಗೆ ಮೊದಲೇ ಹೋಗಿ ಕೆಲಸ ಕೆಡಿಸಬಾರದು. ಅವರಿಗೆ ರೈಲು ತಪ್ಪಿಸಬೇಕು. ಹುಡುಗರ ಗೆಳೆಯರು ಪೆಟ್ಟಿಗೆಯೊಂದರಲ್ಲಿ ಅಲಾರಂ ಗಡಿಯಾರ ಇಟ್ಟು, ರೊಕೊ ಎಂಬ ಇಟಾಲಿಯನ್ ಹಣ್ಣಿನ ವ್ಯಾಪಾರಿಯ ಅಂಗಡಿಯಲ್ಲಿ ಬಿಟ್ಟು ಬರುತ್ತಾರೆ. ಟಿಕ್ ಟಿಕ್ ಸದ್ದು ಕೇಳಿ ರೊಕೊ ಬಾಂಬೆಂದು ಬೊಬ್ಬೆ ಹಾಕುತ್ತಾನೆ, ಜನ ಸೇರುತ್ತಾರೆ, ಕೊಲಿಗ್ ಮತ್ತು ಸ್ಮಫ್ ಪೆಟ್ಟಿಗೆಯ ಹತ್ತಿರ ಹೋಗಲು ಹೆದರಿ ಒದ್ದಾಡುತ್ತಾರೆ. ಅಷ್ಟರಲ್ಲಿ ರೈಲು ಹೊರಟುಹೋಗುತ್ತದೆ. ಅಧಿಕಾರದ ಪೊಳ್ಳುತನವನ್ನು ಮಕ್ಕಳ ಮುಂದೆ ಇಷ್ಟು ನಿರ್ಭಿಡೆಯಿಂದ ಬಯಲಿಗೆಳೆದದ್ದು ಆ ಕಾಲದ ಸರಣಿ ಪುಸ್ತಕಗಳಲ್ಲಿ ಅಪರೂಪ. ಸಿಂಡಿಕೇಟಿಗೆ ಇದು ಹಿಡಿಸಲಿಲ್ಲ. ಪೊಲೀಸರಿಗೆ ಮರ್ಯಾದೆ ಕೊಡು ಎಂಬ ತಾಕೀತು ಬಂತು.

ಆದರೆ ಅದೇ ಪ್ರಸಂಗದ ನಗುವಿನಲ್ಲಿ ಅರ್ಧ ಪಾಲು ರೊಕೊನ ಹರಕುಮುರುಕು ಇಂಗ್ಲಿಷಿನದು, ವಲಸಿಗನ ಪುಕ್ಕಲುತನದ್ದು. ಮೇಲಿನವರನ್ನು ಲೇವಡಿ ಮಾಡುವ ಕೈಯೇ ಕೆಳಗಿನವರನ್ನೂ ಲೇವಡಿ ಮಾಡುತ್ತದೆ. ಮುಂದಿನ ಪುಸ್ತಕಗಳಲ್ಲಿ ಇದು ಇನ್ನೂ ಹೊಲಸಾಯಿತು. ‘ಫುಟ್‌ಪ್ರಿಂಟ್ಸ್ ಅಂಡರ್ ದಿ ವಿಂಡೋ’ದ ಚೀನೀಯರನ್ನೂ, 1935ರ ‘ದಿ ಹಿಡನ್ ಹಾರ್ಬರ್ ಮಿಸ್ಟರಿ’ಯ ಕರಿಯ ಖಳನನ್ನೂ ಚಿತ್ರಿಸಿದ ರೀತಿಯನ್ನು ಇಂದು ಸಮರ್ಥಿಸಿಕೊಳ್ಳುವುದು ಸಾಧ್ಯವೇ ಇಲ್ಲ.

ಸ್ಟ್ರಾಟೆಮೇಯರ್ ಮಗಳು ಹ್ಯಾರಿಯೆಟ್ ಆ್ಯಡಮ್ಸ್ ನೇತೃತ್ವದಲ್ಲಿ 1959ರಿಂದ 1973ರವರೆಗೆ ಮೊದಲ 38 ಪುಸ್ತಕಗಳ ಪರಿಷ್ಕರಣೆ ನಡೆಯಿತು. ಜನಾಂಗೀಯ ಅವಹೇಳನ ಹೋಯಿತು, ಹೋಗಲೇಬೇಕಿತ್ತು. ಆದರೆ ರೊಕೊನ ಜೊತೆಗೆ ಕೊಲಿಗ್‌ನ ಪೇಚಾಟವೂ ಹೋಯಿತು. 25 ಅಧ್ಯಾಯಗಳು 20ಕ್ಕೆ ಇಳಿದವು, ವರ್ಣನೆ ಸವೆಯಿತು, ಪೊಲೀಸರು ಗೌರವಸ್ಥರಾದರು. ಕೆಲವು ಪುಸ್ತಕಗಳಲ್ಲಿ ಹೆಸರೊಂದನ್ನು ಬಿಟ್ಟು ಕಥೆಯನ್ನೇ ಬದಲಿಸಿಬಿಟ್ಟರು. ಕೊಳೆ ತೊಳೆಯಲು ಹೋದವರು ಬಟ್ಟೆಯ ಬಣ್ಣವನ್ನೂ ತೊಳೆದುಬಿಟ್ಟರು ಎಂಬುದು ನನ್ನ ತಕರಾರು. ಬೆಂಗಳೂರು, ಮೈಸೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಬಾಡಿಗೆಗೆ ತಂದು ಓದಿದ ನಮ್ಮ ತಲೆಮಾರಿನ ಕೈಗೆ ಹೆಚ್ಚಾಗಿ ಬಂದದ್ದು ಈ ತೊಳೆದ ಪ್ರತಿಗಳೇ. ಹಾರ್ಡಿ ಹುಡುಗರು ಸಪ್ಪೆ ಎಂಬ ನಮ್ಮಲ್ಲಿ ಹಲವರ ಅಭಿಪ್ರಾಯಕ್ಕೆ ಅದೂ ಒಂದು ಕಾರಣವಿರಬೇಕು.

ಮುಂದೆ ಸರಣಿಗೆ ಬಿಸಿ ತುಂಬುವ ಯತ್ನಗಳು ನಡೆದವು. 1987ರ ‘ಕೇಸ್‌ಫೈಲ್ಸ್’ ಉಪಸರಣಿಯ ಮೊದಲ ಪುಸ್ತಕದಲ್ಲೇ ಜೋನ ಗೆಳತಿ ಅಯೋಲಾ ಕಾರ್ ಬಾಂಬಿಗೆ ಬಲಿಯಾಗುತ್ತಾಳೆ. ಬಂದೂಕು, ಭಯೋತ್ಪಾದಕರು, ಅಂತರರಾಷ್ಟ್ರೀಯ ಸಂಚು ಎಲ್ಲ ಬಂದವು. ಸಾವು ಬಂದ ಮೇಲೆ ದುಃಖವೂ ಬರಬೇಕು, ದುಃಖಪಟ್ಟವನು ಬದಲಾಗಬೇಕು. ಮುಂದಿನ ಕಂತಿಗೆ ಹುಡುಗ ಹಾಗೇ ಸಿದ್ಧವಿರಬೇಕೆಂಬ ಸರಣಿಯ ಕಟ್ಟಳೆಗೆ ಅದು ಒಗ್ಗುವುದಿಲ್ಲ.

ಈ ಗಂಟನ್ನು ಒಂದಿಷ್ಟಾದರೂ ಸಡಿಲಿಸಿದ್ದು 2020ರಲ್ಲಿ ‘ಹುಲು’ ಎಂಬ ಸ್ಟ್ರೀಮಿಂಗ್ ತಾಣದಲ್ಲಿ ಬಂದ ಧಾರಾವಾಹಿ. ಅಲ್ಲಿ ಫ್ರಾಂಕ್‌ಗೆ 16, ಜೋಗೆ 12. ತಾಯಿ ಸಾಯುತ್ತಾಳೆ, ಅಪ್ಪ ಅದರ ಬೆನ್ನು ಹತ್ತಿ ಊರು ಬಿಡುತ್ತಾನೆ. ನಾಲ್ಕು ವರ್ಷದ ಅಂತರ ಇಟ್ಟ ಕೂಡಲೇ ಆ ಇಬ್ಬರು ನಿಜವಾಗಿ ಅಣ್ಣತಮ್ಮಂದಿರಾಗುತ್ತಾರೆ: ದೊಡ್ಡವನು ಮುಚ್ಚಿಡುತ್ತಾನೆ, ಚಿಕ್ಕವನು ತನ್ನನ್ನು ಬಿಟ್ಟುಹೋದರೆಂದು ಮುನಿಯುತ್ತಾನೆ, ಒಬ್ಬನಿಗೆ ಕಂಡ ಸುಳಿವು ಇನ್ನೊಬ್ಬನಿಗೆ ಕಾಣದಿರುವುದಕ್ಕೆ ಕಾರಣವಿರುತ್ತದೆ. ಪುಸ್ತಕಗಳಿಗೆ ಎಂದೂ ದಕ್ಕದ್ದು ಇಲ್ಲಿ ದಕ್ಕಿದೆ. ಆದರೆ ಮಂತ್ರಶಕ್ತಿಯ ವಸ್ತುವೊಂದರ ಸುತ್ತ ಗಿರಕಿ ಹೊಡೆಯುವ ಕಥೆ ಅತಿ ಗಂಭೀರ. ಮೆಕ್‌ಫರ್ಲೇನ್‌ನ ಪುಂಡಾಟಿಕೆಗೆ ಅಲ್ಲಿ ಜಾಗವಿಲ್ಲ. ಮೊದಲ ಮೂರು ಪುಸ್ತಕಗಳ ಮೂಲಪಾಠ 2023ರಿಂದ ಅಮೆರಿಕದಲ್ಲಿ ಹಕ್ಕುಮುಕ್ತವಾಗಿದೆ. ಈಗ ಯಾರು ಬೇಕಾದರೂ ಅದನ್ನು ಎತ್ತಿಕೊಂಡು ಹೊಸದಾಗಿ ಬರೆಯಬಹುದು. ರೊಕೊನನ್ನು ಹಾಸ್ಯದ ಸರಕಾಗಿಸದೆ ಕೊಲಿಗ್‌ನಿಗೆ ರೈಲು ತಪ್ಪಿಸಬಲ್ಲ ಬರಹಗಾರ ಮಾತ್ರ ಇನ್ನೂ ಬಂದಂತೆ ಕಾಣುವುದಿಲ್ಲ.