ಚಂದ್ರಗುತ್ತಿಯ ಪ್ರಶ್ನೆ

ಯು. ಆರ್. ಅನಂತಮೂರ್ತಿಯವರ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಪ್ರಬಂಧವನ್ನು ಮತ್ತೆ ಓದಿದೆ. ಅದರ ಹಿನ್ನೆಲೆ ನಮ್ಮ ಸೊರಬ ತಾಲ್ಲೂಕಿನ ಚಂದ್ರಗುತ್ತಿ. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ರೇಣುಕಾಂಬೆಯ ಗುಡಿಗೆ ನಡೆಯುವ ಹರಕೆಯನ್ನು ತಡೆಯಲು 1986ರ ಮಾರ್ಚಿನಲ್ಲಿ ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಭಕ್ತರ ಗುಂಪು ಹೊಡೆದು, ಬಟ್ಟೆ ಕಿತ್ತು ನಡೆಸಿತು. ಆಮೇಲೆ ಸರ್ಕಾರ ಆ ಸೇವೆಯನ್ನೇ ನಿಷೇಧಿಸಿತು. ಇಷ್ಟು ಸುದ್ದಿ. ಅನಂತಮೂರ್ತಿಯವರ ತಳಮಳ ಬೇರೆ: ಆ ಭಕ್ತರ ನಂಬಿಕೆಯ ಮೇಲೆ ತೀರ್ಪು ಕೊಡುವ ಹಕ್ಕು ವಿಚಾರವಾದಿಗೆ ಎಲ್ಲಿಂದ ಬಂತು ಎಂಬುದು.

ಪ್ರಬಂಧದ ಜೀವಾಳವೆಂದರೆ ಕಲ್ಲಿನ ಕಥೆ. ಚಿತ್ರಕಾರರೊಬ್ಬರು ರೈತನ ಗುಡಿಸಲಿನಲ್ಲಿ ಪೂಜೆಗೊಳ್ಳುವ ಕಲ್ಲನ್ನು ಫೋಟೋಕ್ಕಾಗಿ ಹೊರಗೆ ತರುತ್ತಾರೆ; ಮೈಲಿಗೆಯಾಯಿತೇನೋ ಎಂದು ಅಳುಕುತ್ತಾರೆ. ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಎನ್ನುತ್ತಾನೆ ರೈತ. ಇದನ್ನು ಮುಗ್ಧ ಶ್ರದ್ಧೆಯ ಕಥೆಯೆಂದು ಓದಿಬಿಡುವುದು ಸುಲಭ. ನನಗೆ ಕಾಣುವುದು ಬೇರೆ. ಅಲ್ಲಿ ಒಬ್ಬ ಸಂಕೋಚದಿಂದ ವಿಚಾರಿಸಿದ, ಇನ್ನೊಬ್ಬ ಅಂಜದೆ ಉತ್ತರಿಸಿದ. ಆ ಉತ್ತರ ಸಿಕ್ಕಿದ್ದರಿಂದಲೇ ಕಲ್ಲಿನ ಪೂಜೆ ನಮಗೆ ಬುದ್ಧಿಯ ಮಾತಾಗಿ ಕೇಳಿಸುತ್ತದೆ.

ಚಂದ್ರಗುತ್ತಿಯಲ್ಲಿ ಮಾತಾಡಿದ್ದು ಗುಂಪು. ಹರಕೆ ಹೊತ್ತ ಒಬ್ಬೊಬ್ಬ ಹೆಂಗಸಿನ ಕಾರಣವೇನಿತ್ತೋ ಆ ಗದ್ದಲದಲ್ಲಿ ಕೇಳಿಸಲಿಲ್ಲ. ಪ್ರಬಂಧದಲ್ಲಾದರೂ ವಾದ ನಡೆಯುವುದು ಮುಖ್ಯವಾಗಿ ಲೇಖಕರೊಳಗಿನ ಇಬ್ಬರ ನಡುವೆ, ಓದಿದ ಆಧುನಿಕ ಮತ್ತು ಮಲೆನಾಡಿನ ಹಳ್ಳಿಯ ಹುಡುಗ. ಇಬ್ಬರೂ ಗಂಡಸರು, ನೋಡಿ!

ಪಕ್ಕದ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯೂ ಬಟ್ಟೆ ಬಿಟ್ಟವಳೇ. ಶೂನ್ಯಸಂಪಾದನೆಯಲ್ಲಿ ಅವಳನ್ನು ಪರೀಕ್ಷಿಸುವವನು ಅದೇ ತಾಲ್ಲೂಕಿನ ಬಳ್ಳಿಗಾವೆಯವನೆನ್ನುವ ಅಲ್ಲಮ. ಬಟ್ಟೆ ಬಿಟ್ಟಮೇಲೆ ಕೂದಲಿನಿಂದ ಮೈ ಮುಚ್ಚಿದ್ದೇಕೆಂದು ಕಟುವಾಗಿಯೇ ಕೇಳುತ್ತಾನೆ. ಅವಳು ಕಾರಣ ಹೇಳುತ್ತಾಳೆ. ಕೊನೆಗೆ ಅವನು ಒಪ್ಪುತ್ತಾನೆ. ಕೌಶಿಕನನ್ನು ಬಿಟ್ಟು ನಡೆದವಳ ಮಾತು ಅದು; ಕೇಳಲು ಒಂದು ಸಭೆಯೂ ಇತ್ತು.

ಚಂದ್ರಗುತ್ತಿಯ ಹೆಂಗಸಿಗೆ? ಹರಕೆ ತೀರಿಸದೆ ಊರಿಗೆ ಮರಳಿದಳು, ಆ ವರ್ಷವೇ ಮನೆಯ ಮಗುವಿಗೆ ಜ್ವರ ಬಂತು ಎಂದುಕೊಳ್ಳೋಣ. ಅತ್ತೆಯ ಬಾಯಿಗೆ, ಕೇರಿಯ ಬಾಯಿಗೆ ಬೀಳದೆ ಅವಳು ಬದುಕಬಹುದಿತ್ತೆ? ಇಲ್ಲವಾದರೆ ಅವಳದು ನಂಬಿಕೆಯೋ ಅಂಜಿಕೆಯೋ ಅವಳಿಗೇ ಬಿಡಿಸಿ ಹೇಳುವುದು ಕಷ್ಟ. ನಿಷೇಧವನ್ನು ನಾನು ಒಪ್ಪುವುದು ಈ ಕಾರಣಕ್ಕೆ, ಅನಂತಮೂರ್ತಿಯವರ ಅಳುಕನ್ನು ಗೌರವಿಸುತ್ತಲೇ. ‘ಯಾಕೆ ಕೂಡದು’ ಎಂದು ಅವರು ಕೇಳಿದ್ದು ಓದುಬಲ್ಲ ನಮ್ಮನ್ನು. ‘ಒಲ್ಲೆನೆಂದಿದ್ದರೆ ನಿನಗೇನಾಗುತ್ತಿತ್ತು’ ಎಂದು ಅವಳನ್ನು ಕೇಳುವ ಪ್ರಬಂಧಕ್ಕಾಗಿ ನಾನಿನ್ನೂ ಹುಡುಕುತ್ತಿದ್ದೇನೆ.